ವೀಸಾ ಬಂತು, ಆದರೆ ಯಾವ ವೀಸಾ?

ನಮ್ಮ ಕರಾವಳಿಯ ಮನೆಗಳಲ್ಲಿ "ಮಗನಿಗೆ ವೀಸಾ ಬಂತು" ಎಂಬುದು ಶುಭ ಸಮಾಚಾರ. ದುಬೈ, ಕುವೈತ್, ಮಸ್ಕತ್, ದೋಹಾಗಳಲ್ಲಿ ದುಡಿದು ಕಳುಹಿಸಿದ ಹಣದಿಂದಲೇ ಇಲ್ಲಿ ಎಷ್ಟೋ ಮನೆಗಳು ಎದ್ದಿವೆ, ಮಕ್ಕಳ ಓದು ಮುಗಿದಿದೆ, ತಂಗಿಯಂದಿರ ಮದುವೆ ನಡೆದಿದೆ. ಆದರೆ ಬಂದದ್ದು ಯಾವ ವೀಸಾ ಎಂದು ಕೇಳುವವರು ಕಡಿಮೆ. ಚಿನ್ನ ಅಡವಿಟ್ಟು ಏಜೆಂಟರ ಕೈಗೆ ಹಣ ಕೊಟ್ಟ ಮೇಲೆ ಕೇಳಿ ಪ್ರಯೋಜನವೂ ಇಲ್ಲ. ಆದುದರಿಂದ ಉದ್ಯೋಗಕ್ಕೆಂದು ಗಲ್ಫ್‌ಗೆ ಹೊರಡುವವರು ಹಣ ಕೊಡುವ ಮೊದಲೇ ನೋಡಬೇಕಾದ ಕಾಗದಪತ್ರಗಳ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ವೀಸಾ ಎಂದರೆ ಒಂದು ದೇಶದೊಳಗೆ ಬರಲು ಕೊಡುವ ಪರವಾನಿಗೆ ಮಾತ್ರವಲ್ಲ, ಯಾವ ಉದ್ದೇಶಕ್ಕೆ ಬರಬಹುದು ಎಂಬುದನ್ನೂ ಅದು ಹೇಳುತ್ತದೆ. ನೆಂಟರನ್ನು ನೋಡಲು ಕೊಟ್ಟ ವೀಸಾದಲ್ಲಿ ಹೋಟೆಲಿನ ಪಾತ್ರೆ ತೊಳೆದರೂ ಅದು ಕಾನೂನುಬಾಹಿರ ಕೆಲಸವೇ. ನಮ್ಮಲ್ಲಿ ಅನೇಕರಿಗೆ ಏಜೆಂಟರು ಹೇಳುವ ಮಾತು ಒಂದೇ: "ಮೊದಲು ವಿಸಿಟ್‌ನಲ್ಲಿ ಬನ್ನಿ, ಅಲ್ಲಿ ಚೇಂಜ್ ಮಾಡುವ." ಈ ಮಾತು ಪೂರ್ತಿ ಸುಳ್ಳಲ್ಲ, ಅದೇ ಅಪಾಯ! ಯುಎಇಯಲ್ಲಿ ವಿಸಿಟ್ ವೀಸಾದಲ್ಲಿದ್ದವರಿಗೆ ಕೆಲಸ ಸಿಕ್ಕಿ, ಕಂಪೆನಿ ಕೆಲಸದ ಪರವಾನಿಗೆ ಮಾಡಿಸಿದರೆ ಅಲ್ಲೇ ವೀಸಾ ಬದಲಿಸಲು ಅವಕಾಶವಿದೆ. ಆದರೆ ಆ ಪರವಾನಿಗೆ ಕೈಗೆ ಬರುವ ತನಕ ಒಂದು ದಿನವೂ ದುಡಿಯುವಂತಿಲ್ಲ. ಅವಧಿ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಪರವಾನಿಗೆ ಇಲ್ಲದವರನ್ನು ದುಡಿಸಿದ ಮಾಲೀಕನಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ತನಕ ದಂಡ ಬೀಳಬಹುದು. ಆದರೆ ತಪಾಸಣೆ ಬಂದಾಗ ಮೊದಲು ಓಡಬೇಕಾದವನು ನಮ್ಮ ಹುಡುಗನೇ. ಸಂಬಳ ಬಾಕಿಯಾದರೆ ದೂರು ಕೊಡಲೂ ಅವನಿಗೆ ಧೈರ್ಯ ಬರುವುದಿಲ್ಲ, ಏಕೆಂದರೆ ದಾಖಲೆಯಲ್ಲಿ ಅವನು ಕೆಲಸಗಾರನೇ ಅಲ್ಲ.

ಇನ್ನು ನಮ್ಮ ದೇಶದ ನಿಯಮ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಗಲ್ಫ್‌ನ ಆರೂ ದೇಶಗಳು ಸೇರಿ ಒಟ್ಟು 18 ದೇಶಗಳಿಗೆ ಇವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಹತ್ತನೇ ಪಾಸಾದವರು, ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು ಮೊದಲಾದವರಿಗೆ ಇದು ಬೇಡ. ಇದನ್ನು ಕಿರಿಕಿರಿ ಎಂದುಕೊಳ್ಳುವವರೇ ಹೆಚ್ಚು. ನಮಗೆ ಹಾಗನಿಸುವುದಿಲ್ಲ. ಅನುಮತಿ ಕೊಡುವ ಮೊದಲು ಮಾಲೀಕ ಯಾರು, ಸಂಬಳ ಎಷ್ಟು, ಒಪ್ಪಂದದಲ್ಲಿ ಏನಿದೆ ಎಂಬುದೆಲ್ಲ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಸಿಗುತ್ತದೆ. ಎರಡು ವರ್ಷಕ್ಕೆ 275 ಅಥವಾ ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅದರ ಮೇಲೆ ತೆರಿಗೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದಲ್ಲಿ ಹೋಗುವವರಿಗೆ ಈ ಅನುಮತಿ ಕೇಳುವುದಿಲ್ಲ. ಏಜೆಂಟರಿಗೆ ವಿಸಿಟ್ ವೀಸಾ ಇಷ್ಟವಾಗಲು ಕಾರಣವೂ ಇದೇ. ಅನುಮತಿಯ ಜೊತೆಗೆ ವಿಮೆಯೂ ತಪ್ಪಿಹೋಗುತ್ತದೆ ಎಂದು ಅವರು ಹೇಳುವುದಿಲ್ಲ.

ಮನೆಕೆಲಸಕ್ಕೆ ಹೋಗುವ ಸಹೋದರಿಯರ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆ 30 ವರ್ಷ ತುಂಬದೆ ಈ ದೇಶಗಳಿಗೆ ಮನೆಕೆಲಸಕ್ಕೆ ಹೋಗುವಂತಿಲ್ಲ. ಆದ್ದರಿಂದ 24-25ರ ಯುವತಿಗೆ "ಏನೂ ತೊಂದರೆ ಇಲ್ಲ, ವಿಸಿಟ್‌ನಲ್ಲಿ ಕಳುಹಿಸುತ್ತೇವೆ" ಎಂದರೆ ಅಲ್ಲೇ ನಿಲ್ಲಿಸಿಬಿಡಿ. ಕುವೈತ್‌ಗೆ ಹೋಗುವವರು ವೀಸಾದಲ್ಲಿ 18 ಎಂದಿದೆಯೋ 20 ಎಂದಿದೆಯೋ ಎಂದು ನೋಡಬೇಕು. 18 ಎಂದರೆ ಖಾಸಗಿ ಕಂಪೆನಿಯ ಕೆಲಸ. 20 ಎಂದರೆ ಮನೆಯ ಕೆಲಸ: ಅಡುಗೆಯವರು, ಮನೆಯ ಡ್ರೈವರ್, ಮಕ್ಕಳನ್ನು ನೋಡಿಕೊಳ್ಳುವವರು. 20ರಲ್ಲಿ ಹೋದವರು ಆ ಕಫೀಲನ ಮನೆಯಲ್ಲೇ ದುಡಿಯಬೇಕು. ಅಂಗಡಿಯಲ್ಲಿ ಸೇಲ್ಸ್‌ಮನ್ ಕೆಲಸ ಎಂದು ಹೇಳಿ 20ರ ವೀಸಾ ಕೊಟ್ಟಿದ್ದರೆ ಅಲ್ಲಿಗೇ ಮೋಸ ಗೊತ್ತಾಗುತ್ತದೆ. ಈ ಕಾಗದ ಅರಬ್ಬಿಯಲ್ಲಿ ಇರಬಹುದು. ಗಲ್ಫ್‌ನಲ್ಲಿ ಇದ್ದು ಬಂದವರು ಪ್ರತಿ ವಾಳೆಯಲ್ಲೂ ಒಬ್ಬರಾದರೂ ಸಿಗುತ್ತಾರೆ, ಅವರಿಂದ ಓದಿಸಬಹುದು.

ಹಣದ ವಿಷಯಕ್ಕೆ ಬರೋಣ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. 2017ರಲ್ಲಿ ನಿಗದಿಯಾದ ಮಿತಿ ಇದು. ಅದಕ್ಕೂ ರಶೀದಿ ಕೊಡಬೇಕು. ನೋಂದಣಿ ಇಲ್ಲದೆ ನೇಮಕಾತಿ ಮಾಡುವುದು ಅಪರಾಧ. ಒಂದು ಲಕ್ಷ, ಒಂದೂವರೆ ಲಕ್ಷ ಎಂದು ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ? ಯುಎಇಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತೆಯೇ ಇಲ್ಲ, ಅದು ಮಾಲೀಕನ ಹೊಣೆ. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಳಿ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಹುಡುಕಲು ಹತ್ತು ನಿಮಿಷ ಸಾಕು. ಇಂಟರ್ನೆಟ್ ಬಾರದ ಹಿರಿಯರಿಗೆ ಇಷ್ಟು ಮಾಡಿಕೊಡುವುದು ನಮ್ಮ ಯುವಜನರಿಗಾಗಲಿ ವಾಳೆಯ ಗುರಿಕಾರರಿಗಾಗಲಿ ಕಷ್ಟವಲ್ಲ. ಏಜೆಂಟರು ನಮ್ಮವರೇ, ಪರಿಚಯದವರೇ ಎಂಬ ದಾಕ್ಷಿಣ್ಯ ಇಲ್ಲಿ ಬೇಡ.

ಹೆಸರಿನ ತೊಂದರೆಯೂ ನಮ್ಮಲ್ಲಿ ವಿಶೇಷ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಡಿ'ಸೋಜ, ಶಾಲೆಯ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು! ಮೇಲಿನ ಆ ಚಿಕ್ಕ ಗುರುತು ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲುಗಳಲ್ಲಿ ಬರುವುದೇ ಇಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅಕ್ಷರಗಳೇ ಬೇರೆಯಾದರೆ ಪ್ರಮಾಣಪತ್ರಗಳ ದೃಢೀಕರಣದಲ್ಲಿ ತೊಡಕಾಗುತ್ತದೆ. ವೀಸಾ, ಟಿಕೆಟ್, ಒಪ್ಪಂದ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ.

ಗಲ್ಫ್ ಬಿಟ್ಟು ಬೇರೆ ಕಡೆಗೂ ಇದೇ ಮಾತು. 'ವೀಸಾ ಬೇಡ' ಎಂದರೆ ಕೆಲಸ ಮಾಡಬಹುದು ಎಂದಲ್ಲ. 2024ರ ಫೆಬ್ರವರಿಯಲ್ಲಿ ಇರಾನ್ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ನೀಡಿತ್ತು. ಕೆಲಸದ ಆಸೆ ತೋರಿಸಿ ಕರೆದೊಯ್ದು, ಅಪಹರಿಸಿ, ಮನೆಯವರಿಂದ ಹಣ ಕೇಳಿದ ಪ್ರಕರಣಗಳಾದ ಮೇಲೆ 2025ರ ನವೆಂಬರ್ 22ರಿಂದ ಅದನ್ನು ನಿಲ್ಲಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಊರಿಗೆ ತರಬೇಕಾಯಿತು. ಕಂಪ್ಯೂಟರ್ ಬಲ್ಲ ನಮ್ಮ ಪದವೀಧರರು ಇದನ್ನು ಗಮನಿಸಬೇಕು. ಇಂತಹ ಬಲೆಗೆ ಬೇಕಾದವರು ಓದು ಬಾರದವರಲ್ಲ, ಇಂಗ್ಲಿಷ್ ಬಲ್ಲವರು.

ಈಗಾಗಲೇ ಹೋಗಿ ಕಷ್ಟದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ನೇರವಾಗಿ ಹೋಗಬಹುದು. ಊರಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಆಗ ಪಾಸ್‌ಪೋರ್ಟ್ ಸಂಖ್ಯೆ, ಮಾಲೀಕನ ಹೆಸರು, ವಿಳಾಸ ಬೇಕಾಗುತ್ತವೆ. ಅಲ್ಲಿಗೆ ಮುಟ್ಟಿದ ಮೇಲೆ ಪಾಸ್‌ಪೋರ್ಟ್ ಮಾಲೀಕನ ಕೈ ಸೇರುವುದೂ ಉಂಟು. ಆದುದರಿಂದ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಒಪ್ಪಂದ, ಏಜೆಂಟರಿಗೆ ಕೊಟ್ಟ ಹಣದ ರಶೀದಿ, ಇವುಗಳ ಒಂದೊಂದು ಪ್ರತಿಯನ್ನು ವಿಮಾನ ಹತ್ತುವ ಮೊದಲೇ ಮನೆಯಲ್ಲಿ ಬಿಟ್ಟುಹೋಗಿ.