ಪುಟ್ಟ ಕೌದಿಯ ಬೆಲೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಹಳೆ ಸೀರೆಗಳು ಸ್ಟೀಲ್ ಪಾತ್ರೆ ಮಾರುವವಳ ಗಂಟು ಸೇರುವುದೇ ಹೆಚ್ಚು. ಊರಲ್ಲಾದರೆ ಅವೇ ಕೌದಿಯಾಗುತ್ತಿದ್ದವು. ಮರಾಠಿ ನೆರೆಯವರು ಗೋಧಡಿ ಎನ್ನುವ ಈ ಹೊದಿಕೆಯನ್ನು ಕಲೆಯೆಂದು ಸಂಗ್ರಹಿಸುವವರು ನಮ್ಮಲ್ಲಿ ವಿರಳ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನ ಇದಕ್ಕೆ ಕಾರಣ. ಆಫ್ರಿಕಾ ಮೂಲದ ಈ ಮಹಿಳೆಯರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ನಡುವಿಗೆ ತಲುಪುತ್ತಾರೆ. ಚಿಂದಿಯನ್ನು ಜೋಡಿಸುವ ಹೊಲಿಗೆಯೇ ಪದರಗಳನ್ನೂ ಹಿಡಿದಿಡುತ್ತದೆ. ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆ, ಮುಸ್ಲಿಮರ ಕೆಲವದರಲ್ಲಿ ಅರ್ಧಚಂದ್ರ ಕಾಣಸಿಗುತ್ತದೆ. ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲ', ಅಂದರೆ ಹೂವು. ಅದಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು.

ನಮ್ಮ ಸಣ್ಣ ಫ್ಲ್ಯಾಟುಗಳಿಗೆ ಮಕ್ಕಳ ಪುಟ್ಟ ಕೌದಿಗಳೇ ಸರಿ. ಗೋಡೆಗೆ ತೂಗುಹಾಕಬಹುದು, ನೇರ ಬಿಸಿಲು ತಾಗದಿದ್ದರೆ ಸಾಕು. ಕೊಳ್ಳುವಾಗ ಮೊದಲು ಬೆನ್ನು ತಿರುಗಿಸಿ ನೋಡಬೇಕು. ಮಷಿನ್ ಹೊಲಿಗೆ ಒಂದೇ ಸಮನಾಗಿರುತ್ತದೆ, ಕೈಹೊಲಿಗೆಯ ಸಾಲು ತುಸು ಉದ್ದ, ತುಸು ಗಿಡ್ಡ. ಹೊಲಿದಾಕೆಯ ಹೆಸರು, ಊರು ಕೇಳಿ ಬರೆದಿಡುವುದು ಉತ್ತಮ.

'ಹಳೇ ಬಟ್ಟೆ ತಾನೇ' ಎಂದು ಚೌಕಾಸಿಗಿಳಿಯುವವರಿದ್ದಾರೆ. ಬಟ್ಟೆ ಹಳೆಯದು ನಿಜ, ಕೂಲಿ ಮತ್ತು ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಹೊಲಿದ ದಿನಗಳ ಲೆಕ್ಕ ಹಾಕುವವರು ಯಾರು? ಸಂಘಗಳ ಸನ್ಮಾನದಲ್ಲಿ ಹೊದೆಸುವ ಶಾಲುಗಳು ಕಪಾಟಿನಲ್ಲೇ ಉಳಿಯುವುದು ಎಲ್ಲರಿಗೂ ಗೊತ್ತು. ಅದರ ಬದಲು ಪುಟ್ಟ ಕೌದಿ ತರಿಸಿದರೆ ಆ ಹಣ ಹೊಲಿದಾಕೆಯ ಮನೆ ಸೇರೀತು.