ಅಂಗೈಯಗಲದ ಕಾಳಗ

ಗರಡಿಮನೆಗಳ ಊರಾದ ಮೈಸೂರಿನಲ್ಲಿ ಕಾಳಗವೆಂಬುದು ಯಾರಿಗೂ ಹೊಸ ಮಾತಲ್ಲ. ಮಟ್ಟಿಯ ಮೇಲೆ ಇಬ್ಬರು ಜಟ್ಟಿಗಳು ತೋಳಿಗೆ ತೋಳು ಹೆಣೆದು ನಿಂತಾಗ ಅಲ್ಲಿ ಎಲುಬು, ಸ್ನಾಯು, ಉಸಿರು, ಬೆವರು ಎಲ್ಲವೂ ದುಡಿಯುತ್ತಿರುತ್ತವೆ. ಆದರೆ 1990ರ ದಶಕದಲ್ಲಿ ಮಕ್ಕಳ ಕೈಗೆ ಬಂದ ಪುಟ್ಟ ಯಂತ್ರವೊಂದರ ಕಾಳಗವು ಬೇರೆಯೇ ತೆರನಾದುದು. ಅಲ್ಲಿ ವೀರನು ಗುದ್ದುತ್ತಾನೆ, ನೆಗೆಯುತ್ತಾನೆ, ವೈರಿಯು ಉರುಳಿಬೀಳುತ್ತಾನೆ. ಆದರೆ ನಿಜವಾಗಿ ಅಲ್ಲಿ ಯಾವ ಕೈಯೂ ಎದ್ದಿಲ್ಲ, ಯಾವ ಕಾಲೂ ಸರಿದಿಲ್ಲ. ಹಾಗಿದ್ದರೆ ನಮ್ಮ ಕಣ್ಣು ಕಂಡದ್ದೇನು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟರೆ ನಾವು ಆಟಿಕೆಯ ಅಂಗಡಿಯಿಂದ ಮಾನಸಗಂಗೋತ್ರಿಯ ಭೌತವಿಜ್ಞಾನ ವಿಭಾಗದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಆಟಿಕೆಯ ಪರಿಚಯ

1980ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ‘ಗೇಮ್ ಅಂಡ್ ವಾಚ್’ ಎಂಬ ಕೈಯಾಟದ ಯಂತ್ರವನ್ನು ಹೊರತಂದಿತು. ಇದರ ಕಲ್ಪನೆ ಗುನ್‌ಪೇ ಯೊಕೊಯ್ ಎಂಬ ಯಂತ್ರಶಿಲ್ಪಿಯದು. ಮುಂದೆ ಅಮೆರಿಕದ ಟೈಗರ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಇದೇ ಬಗೆಯ ಅಗ್ಗದ ಆಟಗಳನ್ನು ರಾಶಿರಾಶಿಯಾಗಿ ತಯಾರಿಸಿತು. ಯಾವ ಚಲನಚಿತ್ರಕ್ಕೆ ಜನ ಮುಗಿಬಿದ್ದರೋ ಅದರ ನಾಯಕನು ಬಹುಬೇಗ ಈ ಪೆಟ್ಟಿಗೆಯೊಳಗೆ ಬಂದು ಕೂರುತ್ತಿದ್ದನು. 1992ರಲ್ಲಿ ತೆರೆಕಂಡ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದ ಬಾವಲಿವೇಷದ ವೀರನು ಹೀಗೆ ಬಂದವರಲ್ಲಿ ಒಬ್ಬ. 2020ರಲ್ಲಿ ಹ್ಯಾಸ್‌ಬ್ರೊ ಸಂಸ್ಥೆಯು ‘ಎಕ್ಸ್–ಮೆನ್’ ವೀರರ ಆಟವನ್ನೂ ಇನ್ನು ಕೆಲವನ್ನೂ ಹಳೆಯ ಮಾದರಿಯಲ್ಲಿಯೇ ಮತ್ತೆ ಹೊರತಂದಿತು. ಹಳೆಯ ಯಂತ್ರಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರೂ ಇದ್ದಾರೆ.

ಇಂತಹ ಯಂತ್ರದ ಮುಖದಲ್ಲಿ ಒಂದು ಸಣ್ಣ ಗಾಜಿನ ಕಿಟಕಿ, ಅದರ ಹಿಂದೆ ಅಚ್ಚುಮಾಡಿದ ಬಣ್ಣದ ಚಿತ್ರ, ಎಡಬಲಗಳಲ್ಲಿ ಒತ್ತುಗುಂಡಿಗಳು, ಬೆನ್ನಿನಲ್ಲಿ ಒಂದೆರಡು ಬ್ಯಾಟರಿ. ಬಣ್ಣದ ಚಿತ್ರವು ಎಂದಿಗೂ ಬದಲಾಗದು. ಅದರ ಮುಂದೆ ಕಪ್ಪು ನೆರಳುಗಳಂತೆ ವೀರನೂ ವೈರಿಗಳೂ ಮೂಡಿ ಮಾಯವಾಗುತ್ತಾರೆ. ನಮ್ಮ ತೊಗಲುಗೊಂಬೆಯಾಟದ ಪರದೆಯನ್ನು ಕಂಡವರಿಗೆ ಇದರ ಬಗೆ ಸುಲಭವಾಗಿ ತಿಳಿದೀತು. ವ್ಯತ್ಯಾಸವಿಷ್ಟೆ: ತೊಗಲುಗೊಂಬೆಯ ಕೈಯನ್ನು ಸೂತ್ರಧಾರನು ಕಡ್ಡಿಯಿಂದ ಆಡಿಸುತ್ತಾನೆ, ಇಲ್ಲಿ ಎತ್ತಿದ ಕೈಗೆ ಒಂದು ಗೊಂಬೆ, ಇಳಿಸಿದ ಕೈಗೆ ಇನ್ನೊಂದು ಗೊಂಬೆ. ಒಂದು ಮರೆಯಾಗಿ ಇನ್ನೊಂದು ಕಾಣಿಸಿದೊಡನೆ ಕೈ ಎದ್ದಿತೆಂದು ಕಣ್ಣು ನಂಬುತ್ತದೆ.

ಹಲವು ಯಂತ್ರಗಳಲ್ಲಿ ಹೊಸ ಬ್ಯಾಟರಿಯನ್ನು ಹಾಕಿದ ಕ್ಷಣದಲ್ಲಿ ಈ ಗುಟ್ಟು ತಾನಾಗಿ ಬಯಲಾಗುತ್ತದೆ. ವೀರನ ಎಲ್ಲ ಭಂಗಿಗಳೂ ವೈರಿಗಳ ಎಲ್ಲ ನಿಲುವುಗಳೂ ಏಕಕಾಲಕ್ಕೆ ಕಾಣಿಸಿಕೊಳ್ಳುತ್ತವೆ. ಒಂದು ಆಕಾರದ ಮೇಲೆ ಇನ್ನೊಂದನ್ನು ಕೂರಿಸಲು ಸಾಧ್ಯವಿಲ್ಲದಿರುವುದರಿಂದ, ಒಂದೇ ಮುಂಡಕ್ಕೆ ಎರಡು ಮೂರು ಜೊತೆ ತೋಳುಗಳನ್ನು ಸುತ್ತಲೂ ಜೋಡಿಸಿರುವುದೂ ಆಗ ಕಂಡುಬರುತ್ತದೆ.

ಘನವೂ ಅಹುದು, ದ್ರವವೂ ಅಹುದು

ಈ ನೆರಳನ್ನು ಮೂಡಿಸುವ ವಸ್ತುವೇ ದ್ರವಸ್ಫಟಿಕ. ಹೆಸರೇ ವಿಚಿತ್ರವಾದುದು. ಸ್ಫಟಿಕದಲ್ಲಿ ಅಣುಗಳು ತಮ್ಮ ತಮ್ಮ ಸ್ಥಾನದಲ್ಲಿ ಶಿಸ್ತಾಗಿ ನಿಂತಿರುತ್ತವೆ. ದ್ರವದಲ್ಲಿ ಎತ್ತೆತ್ತಲೋ ಮುಖಮಾಡಿ ಅಲೆಯುತ್ತಿರುತ್ತವೆ. ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದು ಇರಬಹುದೆಂದು ಮೊದಲು ಕಂಡವನು ಭೌತವಿಜ್ಞಾನಿಯಲ್ಲ, ಒಬ್ಬ ಸಸ್ಯವಿಜ್ಞಾನಿ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಕ್ ರೈನಿಟ್ಜರ್ ಎಂಬಾತನು ಕೊಲೆಸ್ಟರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದಾಗ ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿ ಮುಟ್ಟಿದಾಗ ಆ ಮಬ್ಬು ಕಳೆದು ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುಬಿಂದುಗಳೆ? ಜರ್ಮನಿಯ ಆಟೊ ಲೇಮನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಮಬ್ಬು ದ್ರವವು ಹರಿಯುತ್ತಿದ್ದರೂ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ನಡೆದುಕೊಳ್ಳುತ್ತದೆಂದು ತೋರಿಸಿದನು.

ಮೈಸೂರಿನ ಊದುಬತ್ತಿಯ ಕಟ್ಟೊಂದನ್ನು ನೆನೆಯೋಣ. ಅದರ ಕಡ್ಡಿಗಳು ಹಿಂದುಮುಂದಾಗಿ ಜಾರಬಲ್ಲವು; ಆದರೆ ಎಲ್ಲವೂ ಹೆಚ್ಚುಕಡಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಕಡ್ಡಿಯಾಕಾರದ ಅಣುಗಳುಳ್ಳ ದ್ರವಸ್ಫಟಿಕದ ಅವಸ್ಥೆಯೂ ಇಂತಹುದೇ. ಸ್ಥಾನದಲ್ಲಿ ಸ್ವಾತಂತ್ರ್ಯ, ದಿಕ್ಕಿನಲ್ಲಿ ಶಿಸ್ತು. ಸ್ವಾತಂತ್ರ್ಯವಿರುವುದರಿಂದಲೇ ಅಲ್ಪ ವಿದ್ಯುತ್ತಿಗೂ ಅವು ತಿರುಗಬಲ್ಲವು. ಶಿಸ್ತಿರುವುದರಿಂದಲೇ ಎಲ್ಲವೂ ಒಟ್ಟಿಗೆ ತಿರುಗಬಲ್ಲವು. ಆಟಿಕೆಯ ಕಾಳಗವು ಈ ಎರಡು ಗುಣಗಳ ಮೇಲೆ ನಿಂತಿದೆ.

ನೆರಳು ಮೂಡುವ ಬಗೆ

ಬೆಳಕು ಅಲೆಯಷ್ಟೆ. ಸಾಮಾನ್ಯ ಬೆಳಕಿನಲ್ಲಿ ಈ ಅಲೆಯ ತುಯ್ತವು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಲ್ಲ ದಿಕ್ಕಿನಲ್ಲಿಯೂ ಇರುತ್ತದೆ. ಪೊಲರಾಯ್ಡ್ ಹಾಳೆಯ ಮೂಲಕ ಹಾಯ್ದ ಬೆಳಕಿನಲ್ಲಿ ಒಂದೇ ದಿಕ್ಕಿನ ತುಯ್ತ ಉಳಿಯುತ್ತದೆ. ಇದಕ್ಕೆ ಧ್ರುವಿತ ಬೆಳಕು ಎಂದು ಹೆಸರು. ಮೊದಲ ಹಾಳೆಗೆ ಅಡ್ಡಲಾಗಿ ಎರಡನೆಯ ಹಾಳೆಯನ್ನು ಹಿಡಿದರೆ ಬೆಳಕು ಪೂರ್ತಿಯಾಗಿ ತಡೆಯಲ್ಪಟ್ಟು ಕತ್ತಲಾಗುತ್ತದೆ.

ಈಗ ಈ ಎರಡು ಹಾಳೆಗಳ ನಡುವೆ ಎರಡು ಗಾಜಿನ ಫಲಕಗಳನ್ನಿಟ್ಟು, ಅವುಗಳ ನಡುವಿನ ಸಂದಿಯಲ್ಲಿ ದ್ರವಸ್ಫಟಿಕವನ್ನು ತುಂಬೋಣ. ಸಂದಿಯ ಅಗಲ ಒಂದು ಮಿಲಿಮೀಟರಿನ ಸುಮಾರು ನೂರನೆಯ ಒಂದು ಪಾಲು ಮಾತ್ರ. ಫಲಕಗಳ ಒಳಮೈಗೆ ತೆಳುವಾದ ಲೇಪ ಕೊಟ್ಟು, ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿರುತ್ತಾರೆ. ಅಣುಗಳು ಆ ಉಜ್ಜಿದ ಗೆರೆಗಳನ್ನು ಅನುಸರಿಸಿ ಮಲಗುತ್ತವೆ. ಮೇಲಿನ ಗಾಜನ್ನು ಒಂದು ದಿಕ್ಕಿಗೂ ಕೆಳಗಿನ ಗಾಜನ್ನು ಅದಕ್ಕೆ ಲಂಬವಾಗಿಯೂ ಉಜ್ಜಿದರೆ ನಡುವಿನ ಅಣುಗಳು ಸುರುಳಿಮೆಟ್ಟಿಲಿನಂತೆ ಹಂತಹಂತವಾಗಿ 90 ಡಿಗ್ರಿ ತಿರುಚಿ ನಿಲ್ಲುತ್ತವೆ. ಒಳಹೊಕ್ಕ ಧ್ರುವಿತ ಬೆಳಕು ಈ ಮೆಟ್ಟಿಲನ್ನು ಹಿಡಿದು ತಾನೂ ತಿರುಗುತ್ತದೆ. ಎರಡನೆಯ ಹಾಳೆಯ ಬಾಗಿಲು ಅದಕ್ಕೆ ತೆರೆದಿರುತ್ತದೆ. ಕಿಟಕಿಯು ತಿಳಿಯಾಗಿ ಕಾಣುತ್ತದೆ.

ಗಾಜುಗಳ ಒಳಮೈಯಲ್ಲಿ ವೀರನ ಮುಷ್ಟಿಯ ಆಕಾರದಲ್ಲಿ ಪಾರದರ್ಶಕವಾದ ವಿದ್ಯುದ್ವಾಹಕ ಲೇಪವಿದೆ ಎನ್ನೋಣ. ಅದಕ್ಕೆ ಒಂದೆರಡು ವೋಲ್ಟ್ ವಿದ್ಯುತ್ತನ್ನು ಕೊಟ್ಟೊಡನೆ ಆ ಜಾಗದ ಅಣುಗಳು ಮಾತ್ರ ಎದ್ದು ಗಾಜಿಗೆ ನೆಟ್ಟಗೆ ನಿಲ್ಲುತ್ತವೆ. ಮೆಟ್ಟಿಲು ಕುಸಿಯಿತು; ಬೆಳಕು ತಿರುಗಲಾರದು; ಎರಡನೆಯ ಹಾಳೆಯಲ್ಲಿ ತಡೆಯಲ್ಪಟ್ಟಿತು. ಮುಷ್ಟಿಯ ಆಕಾರದ ಕತ್ತಲೆ ನಮಗೆ ಕಾಣಿಸಿತು. ವಿದ್ಯುತ್ತನ್ನು ನಿಲ್ಲಿಸಿದರೆ ಅಣುಗಳು ಮತ್ತೆ ಸುರುಳಿಯಾಗುತ್ತವೆ, ಮುಷ್ಟಿ ಮಾಯವಾಗುತ್ತದೆ. ಈ ವಿಧಾನವನ್ನು 1970ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್ಫ್ರಿಕ್ ಎಂಬಿಬ್ಬರು ರೂಪಿಸಿದರು.

ಪರದೆಯು ತಾನಾಗಿ ಬೆಳಗುವುದಿಲ್ಲ. ಹೊರಗಿನ ಬೆಳಕನ್ನೇ ತಡೆದು ಬಿಟ್ಟು ಚಿತ್ರ ಬರೆಯುತ್ತದೆ. ಆದಕಾರಣ ಒಂದು ಚದರ ಸೆಂಟಿಮೀಟರಿಗೆ ಕೆಲವೇ ಮೈಕ್ರೊವ್ಯಾಟ್ ಶಕ್ತಿ ಸಾಕು. ಸಣ್ಣ ಬ್ಯಾಟರಿಯಿಂದಲೂ ಬಹುಕಾಲ ಆಡಬಹುದು. ಕತ್ತಲೆಯಲ್ಲಿ ಮಾತ್ರ ಆಟವಿಲ್ಲ.

ನಿಧಾನವೇ ಪ್ರಧಾನ

ನೂರು ಆಕಾರಗಳಿದ್ದರೆ ನೂರು ತಂತಿಗಳು ಬೇಕಲ್ಲವೆ? ಅಗ್ಗದ ಆಟಿಕೆಗೆ ಅದು ದುಬಾರಿ. ಅದಕ್ಕಾಗಿ ಆಕಾರಗಳನ್ನು 4 ಸಾಲು, 25 ಕಂಬಗಳಾಗಿ ಹಂಚಿದರೆ 29 ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಬೀದಿಯ ಹೆಸರು, ಮನೆಯ ಸಂಖ್ಯೆ ಎರಡೂ ಕೂಡಿದಾಗ ವಿಳಾಸವು ಖಚಿತವಾಗುವಂತೆ, ಸಾಲಿನ ತಂತಿಯೂ ಕಂಬದ ತಂತಿಯೂ ಕೂಡಿದೆಡೆ ನೆರಳು ಮೂಡುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಸಾಲಿಗೆ ಸರದಿ. ಸರದಿ ಮುಗಿದ ಸಾಲಿನ ನೆರಳುಗಳು ಅಳಿಸಿಹೋಗಬೇಡವೆ? ಹೋಗುವುದಿಲ್ಲ, ಏಕೆಂದರೆ ದ್ರವಸ್ಫಟಿಕದ ಅಣುಗಳು ಮಂದಗತಿಯವು. ಅವು ಮರಳಿ ಮಲಗುವಷ್ಟರಲ್ಲಿ ಸರದಿಯು ಇನ್ನೊಮ್ಮೆ ಬಂದಿರುತ್ತದೆ. ವೇಗದ ಆಟಕ್ಕೆ ದೋಷವಾಗಿ ಕಾಣುವ ಈ ನಿಧಾನವೇ ಅಗ್ಗದ ಪರದೆಯನ್ನು ಸಾಧ್ಯವಾಗಿಸಿತು.

ಗುದ್ದು ತಗುಲಿತೆ ಇಲ್ಲವೆ ಎಂದು ತೀರ್ಮಾನಿಸುವುದು ಒಳಗಿನ ಪುಟ್ಟ ಗಣಕ. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ವೀರನ ಮುಂದಿನ ಸ್ಥಾನದ ವೈರಿಯ ಆಕಾರವು ‘ಕಪ್ಪು’ ಆಗಿದ್ದರೆ ಒಂದು ಅಂಕ, ಇಲ್ಲವಾದರೆ ಇಲ್ಲ. ಅದರ ಯುದ್ಧವಿದ್ಯೆ ಇಷ್ಟೆ.

ಮಾನಸಗಂಗೋತ್ರಿಯಲ್ಲಿ

1961ರಲ್ಲಿ, ಇಂತಹ ಆಟಿಕೆಯಾಗಲಿ ಪರದೆಯಾಗಲಿ ಯಾವ ಅಂಗಡಿಯಲ್ಲಿಯೂ ಇಲ್ಲದಿದ್ದ ಕಾಲದಲ್ಲಿ, ಎಸ್. ಚಂದ್ರಶೇಖರ್ ಎಂಬ ತರುಣ ವಿಜ್ಞಾನಿಯು ಇಂಗ್ಲೆಂಡಿನಿಂದ ಮರಳಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಇವರು ಸರ್ ಸಿ. ವಿ. ರಾಮನ್ನರ ಸೋದರಳಿಯ, ನಕ್ಷತ್ರಗಳನ್ನು ಕುರಿತು ಸಂಶೋಧಿಸಿದ ಅದೇ ಹೆಸರಿನ ಇನ್ನೊಬ್ಬ ವಿಜ್ಞಾನಿಯೊಡನೆ ಇವರನ್ನು ಬೆರೆಸಬಾರದು. ಇವರ ತಮ್ಮ ಪಂಚರತ್ನಂ ಅವರೂ ಕೆಲಕಾಲ ಇದೇ ವಿಭಾಗದಲ್ಲಿದ್ದರು. ಧ್ರುವಿತ ಬೆಳಕನ್ನು ಕುರಿತು 1956ರಲ್ಲಿ ಅವರು ಕಂಡ ಸತ್ಯವು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

ಮೈಸೂರಿನಲ್ಲಿ ಚಂದ್ರಶೇಖರರ ಮನಸ್ಸು ದ್ರವಸ್ಫಟಿಕಗಳ ಕಡೆಗೆ ತಿರುಗಿತು. ಸುರುಳಿಯಾಗಿ ಜೋಡಣೆಗೊಂಡ ದ್ರವಸ್ಫಟಿಕದಲ್ಲಿ ಬೆಳಕು ಹೇಗೆ ನಡೆಯುತ್ತದೆ, ಕಡ್ಡಿಯಂತಹ ಅಣುಗಳಿಗೆ ಒಂದೇ ದಿಕ್ಕಿನ ಶಿಸ್ತು ಹೇಗೆ ಬರುತ್ತದೆ ಎಂಬ ಪ್ರಶ್ನೆಗಳನ್ನು ಅವರೂ ಅವರ ಶಿಷ್ಯರೂ ಕೈಗೆತ್ತಿಕೊಂಡರು. ಇದರಿಂದ ಏನು ಪ್ರಯೋಜನವೆಂದು ಆಗ ಯಾರಾದರೂ ಕೇಳಿದ್ದರೆ ಅಂಗಡಿಯಲ್ಲಿ ದೊರೆಯುವ ಯಾವ ಸರಕನ್ನೂ ಬೊಟ್ಟುಮಾಡಿ ತೋರಿಸುವಂತಿರಲಿಲ್ಲ. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ತೆರಳಿ ಅಲ್ಲಿ ದ್ರವಸ್ಫಟಿಕ ಪ್ರಯೋಗಶಾಲೆಯನ್ನು ಕಟ್ಟಿದರು.

ಪಕ್ಕದಿಂದ ನೋಡಿದರೆ

ಆ ಹಳೆಯ ಆಟಿಕೆಗಳಿಗೆ ಒಂದು ಕುಂದಿತ್ತು. ಆಡುವವನಿಗೆ ನೆರಳು ಸ್ಪಷ್ಟ. ಪಕ್ಕದಲ್ಲಿ ಕುಳಿತು ಇಣುಕುವ ಗೆಳೆಯನಿಗೆ ಅದು ಮಸುಕು. ಓರೆಯಾಗಿ ಹಾಯುವ ಬೆಳಕಿಗೆ ನೆಟ್ಟಗೆ ನಿಂತ ಅಣುಗಳೂ ಓರೆಯಾಗಿಯೇ ಎದುರಾಗುವುದು ಇದಕ್ಕೆ ಕಾರಣ. ಇದರ ಪರಿಹಾರಕ್ಕೆ ದಾರಿಯಾದ ವಸ್ತು ಬೆಂಗಳೂರಿನಲ್ಲಿ ದೊರೆಯಿತು. ಅಲ್ಲಿಯವರೆಗೆ ದ್ರವಸ್ಫಟಿಕವಾಗಲು ಅಣುವು ಕಡ್ಡಿಯಂತೆ ಉದ್ದವಾಗಿರಬೇಕೆಂದು ವಿಜ್ಞಾನಿಗಳು ತಿಳಿದಿದ್ದರು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ಒಂದರ ಮೇಲೊಂದು ಅಡುಕಿದ ನಾಣ್ಯಗಳಂತೆ ಕಂಬವಾಗಿ ನಿಂತು ದ್ರವಸ್ಫಟಿಕವಾಗಬಲ್ಲವೆಂದು ‘ಪ್ರಮಾಣ’ ಎಂಬ ಭಾರತೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಇಂತಹ ಬಿಲ್ಲೆಯಣುಗಳಿಂದ ತೆಳುಹಾಳೆಯೊಂದನ್ನು ಮಾಡಿತು. ಅದನ್ನು ಹಚ್ಚಿದ ಪರದೆಗಳನ್ನು ಪಕ್ಕದಿಂದಲೂ ನೋಡುವುದು ಸಾಧ್ಯವಾಯಿತು.

ಇನ್ನೊಂದು ಕಷ್ಟವು ಬಿಸಿಲಿನದು. 1972ರ ವೇಳೆಗೆ ಇಂಗ್ಲೆಂಡಿನ ಹಲ್ ನಗರದಲ್ಲಿ ಜಾರ್ಜ್ ಗ್ರೇ ಎಂಬ ರಸಾಯನಶಾಸ್ತ್ರಜ್ಞನ ತಂಡವು ತಯಾರಿಸಿದ ಪ್ರಸಿದ್ಧ ವಸ್ತುವು 24ರಿಂದ 35 ಡಿಗ್ರಿಯವರೆಗೆ ಮಾತ್ರ ದ್ರವಸ್ಫಟಿಕ. ಅದೊಂದನ್ನೇ ನೆಚ್ಚಿದ್ದರೆ ನಮ್ಮ ಮೈಸೂರಿನ ಮಾಗಿಯ ಇರುಳಿನಲ್ಲಿ ವೀರನು ಹೆಪ್ಪುಗಟ್ಟಬಹುದಾಗಿತ್ತು, ಬೇಸಗೆಯ ಮಧ್ಯಾಹ್ನದಲ್ಲಿ ಕರಗಿಹೋಗುತ್ತಿದ್ದನು! ಅದಕ್ಕಾಗಿಯೇ ಹಲವು ವಸ್ತುಗಳನ್ನು ಬೆರೆಸಿ, ಚಳಿಗೂ ಬಿಸಿಲಿಗೂ ಜಗ್ಗದ ಮಿಶ್ರಣಗಳನ್ನು ಬಳಸುತ್ತಾರೆ.

ವಿದ್ಯಾರ್ಥಿಗಳು ಇದನ್ನು ಓದಿ ನಂಬಬೇಕಾಗಿಲ್ಲ, ಮಾಡಿ ನೋಡಬಹುದು. ಮನೆಯ ಹಳೆಯ ಕ್ಯಾಲ್ಕುಲೇಟರಿನ ಮುಂದೆ ಪೊಲರಾಯ್ಡ್ ತಂಪುಕನ್ನಡಕದ ಒಂದು ಗಾಜನ್ನು ಹಿಡಿದು ಮೆಲ್ಲನೆ ತಿರುಗಿಸಿರಿ. ಒಂದು ಕೋನದಲ್ಲಿ ಅಂಕಿಗಳು ಸ್ಪಷ್ಟ. ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಕಿಟಕಿಯೇ ಕತ್ತಲು. ಬಳಿಕ ಕನ್ನಡಕವನ್ನು ಬದಿಗಿಟ್ಟು ಓರೆಯಿಂದ ನೋಡಿರಿ; ಹೊತ್ತದಿದ್ದ ಅಂಕಿಗಳ ಮಸುಕು ರೂಪಗಳೂ ಕೆಲವೊಮ್ಮೆ ಕಾಣುತ್ತವೆ.

ಈ ಪರದೆಯು ನಮ್ಮ ನಾಡಿನಲ್ಲಿ ಹುಟ್ಟಲಿಲ್ಲ. ಆಟಿಕೆಯೂ ಹೊರಗಿನಿಂದ ಬಂದಿತು. ಆದರೆ ಅದರ ಒಳಗಿನ ವಸ್ತುವನ್ನು ಅರಿಯುವ ಕೆಲಸದಲ್ಲಿ ಮೈಸೂರಿನ ಕೊಠಡಿಯೊಂದು ಜಗತ್ತಿನ ಜೊತೆಗೆ ಹೆಜ್ಜೆಯಿಟ್ಟಿತು. ಪ್ರಯೋಜನವು ಮೊದಲೇ ಕಂಡರೆ ಮಾತ್ರ ಕಲಿಯುತ್ತೇವೆಂದು ಅಂದು ಹಟ ಹಿಡಿದಿದ್ದರೆ, ಪಕ್ಕದಿಂದ ಇಣುಕುವ ಗೆಳೆಯನಿಗೆ ಚಿತ್ರ ಕಾಣಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೊ! ಮುರಿದ ಆಟಿಕೆಯೊಂದು ಕೈಗೆ ಸಿಕ್ಕಾಗ ಅದನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಎರಡು ಗಾಜುಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನಿಂತಿರುವ ಆ ದ್ರವದಲ್ಲಿ ಬಿಡಿಸಬೇಕಾದ ಒಗಟುಗಳು ಇಂದಿಗೂ ಉಳಿದಿವೆ.