ತೆರೆಯಲ್ಲಿ ಸರಿ, ಇರುಸಿನಲ್ಲಿ ಬಿಗಿ

ಧಾರವಾಡದ ಓದುಗರೊಬ್ಬರು ಪತ್ರದ ಜೊತೆ ಒಂದು ಪುಟ್ಟ ಡಬ್ಬಿ ಕಳಿಸಿದ್ದಾರೆ. ಡಬ್ಬಿಯಲ್ಲಿ ಹೆಬ್ಬೆರಳಿನ ಉಗುರಿನಗಲದ ನಾಲ್ಕು ಬೂದು ಚಕ್ರಗಳು. ಜಪಾನಿನ ತಮಿಯಾ ಕಂಪನಿಯ ಫೇರ್‌ಲೇಡಿ ಜೆಡ್ ಕಿಟ್‌ಗೆ, ಅಂದರೆ ನಿಜವಾದ ಕಾರಿನ 24ನೇ ಒಂದು ಪಾಲಿನ ಮಾದರಿಗೆ, ವತನಬೆ ಎಂಬ ಎಂಟು ಕಡ್ಡಿಯ ಚಕ್ರ ತೊಡಿಸಬೇಕೆಂಬುದು ಅವರ ಆಸೆ. ಕಂಪ್ಯೂಟರಿನಲ್ಲಿ ತಾವೇ ವಿನ್ಯಾಸ ಮಾಡಿ, ಬೇರೆ ಕಡೆ 3ಡಿ ಮುದ್ರಣ ಯಂತ್ರದಲ್ಲಿ ಮುದ್ರಿಸಿಕೊಂಡಿದ್ದಾರೆ. “ತೆರೆಯ ಮೇಲೆ ಎಲ್ಲ ಅಳತೆಯೂ ಸರಿ ಇತ್ತು. ಕೈಗೆ ಬಂದಾಗ ಟೈರು ಸಡಿಲ, ಇರುಸು ಬಿಗಿ. ಒಂದೇ ಚಕ್ರ ಒಂದು ಕಡೆ ಸಣ್ಣದು, ಇನ್ನೊಂದು ಕಡೆ ದೊಡ್ಡದು ಆಗುವುದು ಹೇಗೆ?” ಎಂದು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ.

ಮೊದಲು ಟೈರಿನ ವಿಷಯ. 15 ಇಂಚಿನ ಚಕ್ರ ಎಂದರೆ 381 ಮಿಲಿಮೀಟರ್. 24ರಿಂದ ಭಾಗಿಸಿದರೆ 15.9. ನಮ್ಮ ಓದುಗರು ಚಕ್ರದ ಹೊರ ಅಂಚನ್ನು ಅಷ್ಟಕ್ಕೇ ನಿಲ್ಲಿಸಿದ್ದಾರೆ. ಆದರೆ ಆ 15 ಇಂಚು ಹೊರ ಅಂಚಿನ ಅಳತೆ ಅಲ್ಲ. ಟೈರಿನ ಬುಡ ರಿಮ್ಮಿನ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿನ ವ್ಯಾಸ ಅದು. ಅಲ್ಲಿಂದಾಚೆ ರಿಮ್ಮಿನ ತುಟಿ ಸುತ್ತಲೂ ಸುಮಾರು 17 ಮಿ.ಮೀ. ಎದ್ದಿರುತ್ತದೆ. ಅದನ್ನೂ ಸೇರಿಸಿದರೆ ಕಣ್ಣಿಗೆ ಕಾಣುವ ಚಕ್ರ ಸುಮಾರು 415 ಮಿ.ಮೀ., ಮಾದರಿಯಲ್ಲಿ 17.3. ತಪ್ಪಿದ್ದು ಬರೀ 1.4 ಮಿ.ಮೀ.; ಟೈರು ಜಾರಲು ಅಷ್ಟು ಸಾಕು. ಕಿಟ್‌ನಲ್ಲಿ ಬಂದ ಟೈರಿನ ಒಳ ಅಳತೆಯನ್ನು ವರ್ನಿಯರ್ ಹಿಡಿದು ನೋಡಿ, ಅದರಿಂದ ವಿನ್ಯಾಸ ಶುರು ಮಾಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ.

ಇರುಸು ಬಿಗಿಯಾದದ್ದು ಬೇರೆ ಕತೆ. ಇಲ್ಲಿ ಲೆಕ್ಕ ತಪ್ಪಿಲ್ಲ, ವಸ್ತು ತನ್ನ ಗುಣ ತೋರಿಸಿದೆ. ಇಂಥ ಚಕ್ರಗಳನ್ನು ಮುದ್ರಿಸುವುದು ರೆಸಿನ್ ಎಂಬ ದ್ರವದಿಂದ. 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು ಬಿದ್ದಲ್ಲೆಲ್ಲ ಅದು ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಒಂದು ಪದರ 0.05 ಮಿ.ಮೀ. ದಪ್ಪ, ಪದರದ ಮೇಲೆ ಪದರ ಕೂಡಿ ಚಕ್ರ ಎದ್ದು ಬರುತ್ತದೆ. ದಂತವೈದ್ಯರು ಹುಳುಕು ಹಲ್ಲಿಗೆ ಬಿಳಿ ಸಿಮೆಂಟು ತುಂಬಿ ನೀಲಿ ದೀಪ ಹಿಡಿಯುವುದನ್ನು ನೋಡಿದ್ದೀರಲ್ಲ, ಅದೂ ಇದೇ ಮನೆತನದ ರಸಾಯನ. ದ್ರವದಲ್ಲಿ ದೂರ ದೂರ ಓಡಾಡಿಕೊಂಡಿದ್ದ ಅಣುಗಳು ಬೆಳಕು ಬಿದ್ದೊಡನೆ ಕೈ ಹಿಡಿದುಕೊಳ್ಳುತ್ತವೆ. ಕೈ ಹಿಡಿಯಬೇಕಾದರೆ ಹತ್ತಿರ ಬರಲೇಬೇಕು. ಹಾಗಾಗಿ ವಸ್ತು ಕುಗ್ಗುತ್ತದೆ. ಇದರ ಜೊತೆಗೆ ತೂತಿನ ಅಂಚಿನಲ್ಲಿ ಬೆಳಕು ಸ್ವಲ್ಪ ಚದುರಿ, ಗಟ್ಟಿಯಾಗಬಾರದ ರೆಸಿನ್ನೂ ಒಂದಿಷ್ಟು ಗಟ್ಟಿಯಾಗುತ್ತದೆ. ಮುದ್ರಣವಾದ ಮೇಲೆ ತೊಳೆಯುವಾಗ ಮೂಲೆಯಲ್ಲಿ ಉಳಿದ ಹನಿ, ಪೂರ್ತಿ ಗಟ್ಟಿಯಾಗಲೆಂದು ಕೊಡುವ ಕೊನೆಯ ಬೆಳಕಿನ ಸ್ನಾನದಲ್ಲಿ ಅಲ್ಲೇ ಕಲ್ಲಾಗುತ್ತದೆ. ಹೊರ ಅಳತೆ ಇಳಿಯಿತು, ತೂತೂ ಕಿರಿದಾಯಿತು. ಓದುಗರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ವಿದ್ಯೆಯ ಹುಟ್ಟನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ತಮಿಯಾ ಇರುವುದು ಶಿಜುವೊಕಾದಲ್ಲಿ. ಅದರ ಪಕ್ಕದ ಐಚಿ ಪ್ರಾಂತ್ಯದ ನಗೋಯಾ ನಗರದಲ್ಲಿ ಹಿದೆಯೊ ಕೊಡಾಮಾ ಎಂಬ ಸಂಶೋಧಕ, ಬೆಳಕಿಗೆ ಗಟ್ಟಿಯಾಗುವ ರೆಸಿನ್ನಿನಿಂದ ಪದರ ಪದರವಾಗಿ ವಸ್ತು ಕಟ್ಟುವ ವಿಧಾನಕ್ಕೆ 1980ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. 1981ರಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ಅರ್ಜಿ ಮುಂದುವರಿಯದೆ ಬಿದ್ದುಹೋಯಿತು. ಅತ್ತ ಅಮೆರಿಕದಲ್ಲಿ ಚಕ್ ಹಲ್ ಎಂಬ ಎಂಜಿನಿಯರು ಅತಿನೇರಳೆ ದೀಪಗಳ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಮೇಜಿನ ಮೇಲ್ಮೈ ಲೇಪವನ್ನು ಒಣಗಿಸುವ ಆ ದೀಪದಿಂದ 1983ರಲ್ಲಿ ಒಂದು ಪುಟ್ಟ ಬಟ್ಟಲನ್ನು ಮಾಡಿದರು. 1984ರಲ್ಲಿ ಅರ್ಜಿ, 1986ರಲ್ಲಿ ಪೇಟೆಂಟ್. ಮೊದಲು ಯೋಚಿಸಿ ಪ್ರಕಟಿಸಿದ ಕೊಡಾಮಾರ ಹೆಸರು ಹಿಂದೆ ಸರಿಯಿತು. ಮಾದರಿ ಕಾರುಗಳ ಊರಿನ ನೆರೆಯಲ್ಲೇ ಮೊಳೆತ ವಿಚಾರ ಇವತ್ತು ಅದೇ ಕಾರುಗಳಿಗೆ ಗಾಲಿಯಾಗಿ ಮರಳಿದೆ ಎಂದರೆ ನನಗೆ ನಿಜಕ್ಕೂ ಸಂತೋಷ.

ಕುಗ್ಗುವುದು ದೋಷ ಎಂದು ಮುಖ ಸಿಂಡರಿಸಬೇಕಾಗಿಲ್ಲ. ನಮ್ಮ ಎತ್ತಿನ ಗಾಡಿ ಉರುಳಿದ್ದೇ ಕುಗ್ಗುವ ಗುಣದ ಮೇಲೆ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವಾಗ ಕಮ್ಮಾರ ಪಟ್ಟಿಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಬೆಸೆಯುತ್ತಿದ್ದ. ಸುತ್ತಲೂ ಬೆರಣಿ, ಸೌದೆ ಪೇರಿಸಿ ಬೆಂಕಿ ಹಾಕಿದರೆ ಕೆಂಪಗೆ ಕಾದ ಪಟ್ಟಿ ಹಿಗ್ಗುತ್ತದೆ. ನಾಲ್ಕು ಅಡಿ ವ್ಯಾಸದ ಗಾಲಿಯ ಪಟ್ಟಿ 500 ಡಿಗ್ರಿ ಹೆಚ್ಚು ಕಾದರೆ ಸುತ್ತಳತೆ ಎರಡು ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಮೂವರು ಇಕ್ಕಳ ಹಿಡಿದು ಗಾಲಿಯ ಮೇಲೆ ಇಳಿಸಿ, ಸುತ್ತಿಗೆಯಿಂದ ತಟ್ಟಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಚುರ್ ಎಂದು ಹಬೆ ಏಳುತ್ತದೆ. ಪಟ್ಟಿ ಕುಗ್ಗುತ್ತ ಕೀಲುಗಳೆಲ್ಲ ಕಿರುಗುಟ್ಟಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಪಟ್ಟಿ ಎಷ್ಟು ಸಣ್ಣದಿರಬೇಕು ಎಂಬುದು ಅವನ ಕೈಗೆ ಗೊತ್ತಿತ್ತು. ಆ ‘ಎಷ್ಟು’ ಎಂಬುದೇ ಕಸುಬು. ಮುದ್ರಣ ಯಂತ್ರ ಬಂದ ಮಾತ್ರಕ್ಕೆ ಅದು ತಪ್ಪಲಿಲ್ಲ.

ಹಾಗಾದರೆ ನಮ್ಮ ‘ಎಷ್ಟು’ ಕಂಡುಕೊಳ್ಳುವುದು ಹೇಗೆ? ಚಕ್ರ ಮುದ್ರಿಸುವ ಮೊದಲು ಒಂದು ಸಣ್ಣ ಬಿಲ್ಲೆ ಮುದ್ರಿಸಿ. ಅದರಲ್ಲಿ 3.0, 3.1, 3.2, 3.3 ಮಿ.ಮೀ. ಎಂದು ಸಾಲಾಗಿ ತೂತುಗಳಿರಲಿ. ಕಿಟ್‌ನಲ್ಲಿ ಇರುಸನ್ನು ಹಿಡಿಯುವ ಮೆತ್ತನೆಯ ಪಾಲಿಕ್ಯಾಪನ್ನು ಒಂದೊಂದರಲ್ಲೂ ಕೂರಿಸಿ ನೋಡಿ; ನಿಮ್ಮ ಕ್ಯಾಪ್ ಬೇರೆ ಗಾತ್ರದ್ದಾದರೆ ಅದಕ್ಕೆ ತಕ್ಕ ಸಾಲು ಮಾಡಿಕೊಳ್ಳಿ. ಕ್ಯಾಪ್ ಹಿಂಡಿಕೊಂಡರೆ ಇರುಸು ತಿರುಗುವುದಿಲ್ಲ. ಜೋರು ಮಾಡಿದರೆ ಪೆಡಸಾದ ರೆಸಿನ್ ಸೀಳುತ್ತದೆ. ಈಗಾಗಲೇ ಬಿಗಿಯಾಗಿರುವ ತೂತನ್ನು ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ನಿಧಾನ ಹಿಗ್ಗಿಸಬಹುದು. ದೂಳು ಏಳದಂತೆ ಒದ್ದೆ ಮಾಡಿಕೊಳ್ಳಿ. ಹಸಿ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಕೈಗವಸು ಬೇಕೇ ಬೇಕು.

ಅಂಟಿನ ಬಗ್ಗೆಯೂ ಒಂದು ಮಾತು. ಕಿಟ್‌ನ ಪಾಲಿಸ್ಟೈರೀನ್ ಬೆಲ್ಲದ ಜಾತಿ, ಕರಗಿಸಿದರೆ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಮಾದರಿಗಾರರ ಸಿಮೆಂಟು ಎರಡು ಮೈಗಳನ್ನು ಕರಗಿಸಿಯೇ ಕೂಡಿಸುವುದು. ಬೆಂದ ರೆಸಿನ್ ಇಡ್ಲಿಯ ಜಾತಿ, ಮತ್ತೆ ಹಿಟ್ಟಾಗುವುದಿಲ್ಲ. ಆ ಸಿಮೆಂಟು ಅದನ್ನು ಮುಟ್ಟುವುದೇ ಇಲ್ಲ. ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ ಬಳಸಿ.

ಗುಂಡಿ ಒತ್ತಿದರೆ ಬೇಕಾದ ಭಾಗ ಸಿದ್ಧ ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರ ಕೊಡುವುದು ಆಕಾರ. ಅಳತೆಗೆ ಕೂರಿಸುವವರು ನಾವು. ಚಕ್ರ ತೊಡಿಸಿದ ಮೇಲೆ ಕಾರನ್ನು ಗಾಜಿನ ಮೇಲಿಟ್ಟು, ಒಂದೊಂದು ಟೈರಿನ ಕೆಳಗೂ ತೆಳು ಕಾಗದದ ಚೂರು ಇರಿಸಿ ಎಳೆಯಿರಿ. ನಾಲ್ಕೂ ಚೂರು ಒಂದೇ ಸಮ ತಡೆದರೆ ನಾಲ್ಕೂ ಗಾಲಿ ನೆಲ ಮುಟ್ಟಿವೆ. ಧಾರವಾಡದ ಚಕ್ರಗಳ ತೂತನ್ನು ನಾನು ಹಿಗ್ಗಿಸಿದ್ದೇನೆ. ಇರುಸು ಈಗ ಸಲೀಸಾಗಿ ತಿರುಗುತ್ತದೆ. ಹೊರ ಅಂಚಿಗೆ ಮಾತ್ರ ಮದ್ದಿಲ್ಲ. 17.3 ಎಂದು ಬರೆದ ಚೀಟಿಯನ್ನು ಅದೇ ಡಬ್ಬಿಯಲ್ಲಿಟ್ಟು ಹಿಂದಕ್ಕೆ ಕಳಿಸುತ್ತಿದ್ದೇನೆ.